ಎಂಟು ವರ್ಷದ ಮೇಲೆ ‘ವೊಂಕಿ’

ಟೆಕ್ನೊ ಒಗ್ಗದವರೆಲ್ಲ ಹೇಳುವ ದೂರು ಒಂದೇ: ‘ಅದೇನು, ಹೇಳಿದ್ದನ್ನೇ ಹೇಳುತ್ತೆ!’ ದೂರು ಸುಳ್ಳಲ್ಲ. ಹೇಳಿದ್ದನ್ನೇ ಹೇಳುವುದು ಆ ಸಂಗೀತದ ಜೀವ. ನಮ್ಮ ಕಚೇರಿಗಳಲ್ಲಿ ನೆರವಲ್‌ಗೆಂದು ಒಂದು ಸಾಲನ್ನು ಹಿಡಿದ ಗಾಯಕಿ ಅದನ್ನೇ ಹತ್ತು ಸಲ ಹಾಡಿದರೆ ಯಾರೂ ಎದ್ದು ಹೋಗುವುದಿಲ್ಲ. ಹನ್ನೊಂದನೆಯ ಸಲ ಆ ಸಾಲು ಎತ್ತ ಹೊರಳೀತು ಎಂದು ಕಿವಿ ಕಾಯುತ್ತಿರುತ್ತದೆ. ಟೆಕ್ನೊ ಕೇಳುವವರು ಕಾಯುವುದೂ ಅದಕ್ಕೇ. ಆದರೆ ಇಲ್ಲೊಂದು ತೊಡಕಿದೆ. ಆವರ್ತನೆಯನ್ನೇ ಕಸುಬು ಮಾಡಿಕೊಂಡವರು ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಆಲ್ಬಮ್ ತಂದರೆ, ಅವರು ನಿಜಕ್ಕೂ ಮರಳಿ ಬಂದರೋ, ಹಳೆಯ ಸುತ್ತನ್ನೇ ಇನ್ನೊಮ್ಮೆ ಸುತ್ತಿದರೋ, ಹೇಗೆ ಹೇಳುವುದು?

ಆರ್ಬಿಟಲ್ ಎಂಬ ಟೆಕ್ನೊ ತಂಡ 2012ರ ಏಪ್ರಿಲ್‌ನಲ್ಲಿ ತಂದ ‘ವೊಂಕಿ’ ಆಲ್ಬಮನ್ನು ಕೇಳಿದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ತಂಡ ಎಂದರೆ ಇಬ್ಬರೇ, ಪಾಲ್ ಮತ್ತು ಫಿಲ್ ಹಾರ್ಟ್‌ನಾಲ್ ಎಂಬ ಅಣ್ಣತಮ್ಮಂದಿರು. ಲಂಡನ್ನಿನ ಆಗ್ನೇಯಕ್ಕಿರುವ ಕೆಂಟ್ ಕೌಂಟಿಯ ಸೆವೆನೋಕ್ಸ್ ಕಡೆಯವರು. 1989ರಲ್ಲಿ ಅಪ್ಪ ಅಮ್ಮನ ಮನೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಯಂತ್ರಗಳನ್ನು ಜೋಡಿಸಿಕೊಂಡು, ಅಪ್ಪನ ಕ್ಯಾಸೆಟ್ ಡೆಕ್‌ನಲ್ಲಿ ಮುದ್ರಿಸಿದ ‘ಚೈಮ್’ ಅವರ ಮೊದಲ ಹೆಸರುವಾಸಿ ಕೃತಿ. ಮರುವರ್ಷ ಅದು ಬ್ರಿಟನ್ನಿನ ಜನಪ್ರಿಯ ಸಿಂಗಲ್‌ಗಳ ಪಟ್ಟಿಯಲ್ಲಿ 17ನೆಯ ಸ್ಥಾನಕ್ಕೇರಿತು. ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ನಿಂದ ಕರೆ ಬಂದಾಗ ಇಬ್ಬರೂ ಮಾರ್ಗರೆಟ್ ಥ್ಯಾಚರ್ ಸರ್ಕಾರದ ತಲೆಗಂದಾಯವನ್ನು ವಿರೋಧಿಸುವ ಟೀ ಶರ್ಟ್ ತೊಟ್ಟು ನಿಂತರು. ತಂಡದ ಹೆಸರು ಬಂದದ್ದು ಲಂಡನ್ನನ್ನು ಬಳಸಿಕೊಂಡು ಹೋಗುವ ಎಂ25 ವರ್ತುಲ ಹೆದ್ದಾರಿಯಿಂದ. 188 ಕಿಲೋಮೀಟರಿನ ಆ ರಸ್ತೆ 1986ರಲ್ಲಿ ಪೂರ್ತಿಯಾದದ್ದೇ ತಡ, ಹುಡುಗ ಹುಡುಗಿಯರಿಗೆ ಅದು ರಾತ್ರಿಯ ಕುಣಿತದ ಕೂಟಗಳಿಗೆ ದಾರಿಯಾಯಿತು. ಕುಣಿತ ಎಲ್ಲಿ ಎಂಬುದು ಕೊನೆಯ ಗಳಿಗೆಯವರೆಗೆ ಗುಟ್ಟು. ಒಂದು ಫೋನ್ ನಂಬರಿಗೆ ಕರೆ ಮಾಡಿದರೆ ಜಾಗ ತಿಳಿಯುತ್ತಿತ್ತು. ಕಾರುಗಳ ಸಾಲು ಯಾವುದೋ ಹೊಲಕ್ಕೋ ಗೋದಾಮಿಗೋ ತಿರುಗುತ್ತಿತ್ತು.

ಇದಕ್ಕೆ ಸರ್ಕಾರ ಕೊಟ್ಟ ಉತ್ತರವನ್ನು ಹೇಳದೆ ಮುಂದೆ ಹೋಗಲಾರೆ. 1994ರ ಅಪರಾಧ ನ್ಯಾಯ ಕಾಯ್ದೆಯಲ್ಲಿ, ರಾತ್ರಿ ಬಯಲಲ್ಲಿ ನಡೆಯುವ ಇಂಥ ಕೂಟಗಳನ್ನು ಚದುರಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಯಾವ ಸಂಗೀತಕ್ಕೆ ಇದು ಅನ್ವಯ ಎಂದು ವಿವರಿಸುವಾಗ, ಒಂದರ ಹಿಂದೊಂದು ಮರುಕಳಿಸುವ ಬಡಿತಗಳು ಪ್ರಧಾನವಾಗಿರುವುದನ್ನೂ ಕಾಯ್ದೆ ಹೆಸರಿಸಿತ್ತು. ಆವರ್ತನೆ ಕಾನೂನಿನ ಕಣ್ಣಿಗೆ ಗುರುತಿನ ಚಿಹ್ನೆಯಾಯಿತು! ಆ ವರ್ಷವೇ ಆರ್ಬಿಟಲ್ ‘ಆರ್ ವಿ ಹಿಯರ್?’ ಎಂಬ ಸಿಂಗಲ್ ತಂದಿತು. ಅದರ ಒಂದು ಆವೃತ್ತಿಗೆ ಆ ಮಸೂದೆಯದೇ ಹೆಸರು. ಅದರೊಳಗೆ ಇರುವುದು ಬರೀ ಮೌನ, ಸುಮಾರು ನಾಲ್ಕು ನಿಮಿಷ. ಪ್ರತಿಭಟನೆಯ ಸಂಗೀತ ಎಂದಾಗ ಗಿಟಾರು, ಘೋಷಣೆಗಳನ್ನು ನೆನೆಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಇವರದು ಬರೀ ಜಗಳದ ಸಂಗೀತವಲ್ಲ. ‘ಹ್ಯಾಲ್ಸಿಯನ್’ ಅವರು ತಮ್ಮ ತಾಯಿಯನ್ನು ನೆನೆದು ಮಾಡಿದ್ದು. ಅದೇ ಹೆಸರಿನ ನಿದ್ದೆಗುಳಿಗೆಯ ದಾಸ್ಯಕ್ಕೆ ಆಕೆ ವರ್ಷಗಟ್ಟಲೆ ಸಿಲುಕಿದ್ದರು. ಒಂದು ಹೆಣ್ಣುದನಿಯ ತುಣುಕು, ಮಾತಿಲ್ಲದ ಬರೀ ಸ್ವರ, ಸುತ್ತಿ ಸುತ್ತಿ ಬರುತ್ತದೆ. ಯಂತ್ರದಲ್ಲಿ ಭಾವ ಎಲ್ಲಿಂದ ಬರಬೇಕು ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

1994ರ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಇಬ್ಬರೂ ಎರಡೂ ಕಿವಿಯ ಪಕ್ಕ ಟಾರ್ಚ್ ಕಟ್ಟಿದ ಕನ್ನಡಕ ತೊಟ್ಟು ನುಡಿಸಿದ್ದನ್ನು ಹಳಬರು ಇವತ್ತಿಗೂ ಹೇಳುತ್ತಾರೆ. ಆ ಕನ್ನಡಕ ಶೋಕಿಗಷ್ಟೇ ಅಲ್ಲ. ಕತ್ತಲ ವೇದಿಕೆಯಲ್ಲಿ ಗುಂಡಿಗಳು ಕಾಣಬೇಕು, ಎರಡೂ ಕೈ ಬಿಡುವಾಗಿರಬೇಕು. ಏಕೆಂದರೆ ಅವರು ಮುದ್ರಿಸಿ ತಂದದ್ದನ್ನು ಒತ್ತಿ ಸುಮ್ಮನೆ ನಿಲ್ಲುವವರಲ್ಲ. ಸೀಕ್ವೆನ್ಸರ್‌ನಲ್ಲಿ ಲೂಪುಗಳು, ಎಂದರೆ ಸುತ್ತಿ ಸುತ್ತಿ ಬರುವ ತುಣುಕುಗಳು, ಇರುತ್ತವೆ. ಯಾವುದನ್ನು ಯಾವಾಗ ಒಳಗೆ ಬಿಡಬೇಕು, ಯಾವುದನ್ನು ಎಷ್ಟು ಹೊತ್ತು ತಡೆಯಬೇಕು ಎಂಬುದು ಅಲ್ಲೇ, ಎದುರಿಗಿದ್ದವರನ್ನು ನೋಡಿಕೊಂಡೇ ತೀರ್ಮಾನವಾಗುತ್ತದೆ.

2004ರಲ್ಲಿ ‘ಬ್ಲೂ ಆಲ್ಬಮ್’ ಕೊಟ್ಟು ಅಣ್ಣತಮ್ಮಂದಿರು ಬೇರೆಯಾದರು. ಪಾಲ್ ತನ್ನ ಹೆಸರಲ್ಲೊಂದು ಆಲ್ಬಮ್ ಮಾಡಿದ, ಫಿಲ್ ‘ಲಾಂಗ್ ರೇಂಜ್’ ಎಂಬ ಬೇರೆ ಜೋಡಿ ಕಟ್ಟಿದ. ‘ಚೈಮ್’ಗೆ ಇಪ್ಪತ್ತು ತುಂಬಿದ 2009ರಲ್ಲಿ ಮತ್ತೆ ಒಟ್ಟಿಗೆ ವೇದಿಕೆ ಏರಿದರು. ಹಳೆಯದನ್ನೇ ನುಡಿಸುತ್ತ ಊರೂರು ಸುತ್ತಿದ್ದರೂ ಬದುಕು ನಡೆಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ ಎಂಬುದೇ ನನಗೆ ಮುಖ್ಯ. ಡಿಪೆಷ್ ಮೋಡ್, ಯೂ2 ತಂಡಗಳ ಜೊತೆ ಕೆಲಸ ಮಾಡಿದ್ದ ಫ್ಲಡ್ ಎಂಬ ನಿರ್ಮಾಪಕನನ್ನು ಕೂಡಿಕೊಂಡು ಒಂಬತ್ತು ಹೊಸ ಕೃತಿಗಳ ‘ವೊಂಕಿ’ಯನ್ನು ಸಿದ್ಧಪಡಿಸಿದರು.

ಎರಡನೆಯದು ‘ಸ್ಟ್ರೇಟ್ ಸನ್’. ಬೆಳಕು ತುಂಬಿದ ಸಿಂಥ್ ಸ್ವರಗಳು ಒಂದರ ಮೇಲೊಂದು ಏರುತ್ತವೆ. ಇದು ಅವರೇ ಎಂದು ಅರೆಗಳಿಗೆಯಲ್ಲಿ ಗುರುತು ಸಿಗುತ್ತದೆ. ‘ನ್ಯೂ ಫ್ರಾನ್ಸ್’ನಲ್ಲಿ ಅಮೆರಿಕದ ಗಾಯಕಿ ಝೋಲಾ ಜೀಸಸ್‌ಳ ಗಂಭೀರ ಕಂಠವಿದೆ. ಆ ದನಿಯನ್ನು ಅವರು ಸಂಗೀತದ ತಲೆಯ ಮೇಲೆ ಕೂರಿಸಿಲ್ಲ, ಅದರ ನೆಯ್ಗೆಗೇ ಸೇರಿಸಿದ್ದಾರೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ‘ಬೀಲ್ಝೆಡಬ್’ನಲ್ಲಿ. ಅದು 1991ರ ಅವರದೇ ‘ಸೇಟನ್’ ಕೃತಿಯ ಮರುಹುಟ್ಟು. ಅವರಿಲ್ಲದ ವರ್ಷಗಳಲ್ಲಿ ಲಂಡನ್ನಿನ ಮಕ್ಕಳು ಬೆಳೆಸಿದ ಡಬ್‌ಸ್ಟೆಪ್ಪಿನ ಭಾರವಾದ ನಡೆಯನ್ನು ಈ ಹಿರಿಯರು ಕಲಿತು, ತಮ್ಮ ಹಳೆಯ ರಾಗಕ್ಕೆ ಹೂಡಿದ್ದಾರೆ. ತಮಗಿಂತ ಚಿಕ್ಕವರಿಂದ ಪಾಠ ಹೇಳಿಸಿಕೊಂಡವರು ಮಾಡಿದ ಕೆಲಸ ಅದು. ಶೀರ್ಷಿಕೆಯ ‘ವೊಂಕಿ’ ಮಾತ್ರ ನನಗೆ ಹಿಡಿಸಲಿಲ್ಲ. ಲೇಡಿ ಲೆಶರ್‌ಳ ರ್‍ಯಾಪ್‌ನ ಚುರುಕು ದೊಡ್ಡದೇ, ಆದರೆ ಸಂಗೀತ ಅವಳ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ.

ಕೊನೆಯ ‘ವೇರ್ ಈಸ್ ಇಟ್ ಗೋಯಿಂಗ್?’ ಅದೇ ವರ್ಷ ಆಗಸ್ಟ್ 29ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಸ್ಟೀಫನ್ ಹಾಕಿಂಗ್‌ರ ದನಿಯೊಡನೆ ಮೊಳಗಿತು. ಯಾವ ಬಡಿತವನ್ನು ಚದುರಿಸಲು ಒಮ್ಮೆ ಕಾಯ್ದೆ ಬಂದಿತ್ತೋ, ಅದೇ ಬಡಿತಕ್ಕೆ ದೇಶದ ದೊಡ್ಡ ಕ್ರೀಡಾಂಗಣ ತಲೆದೂಗಿತು. ಹದಿನೆಂಟು ವರ್ಷ ಹಿಡಿಯಿತು.

2014ರಲ್ಲಿ ಮತ್ತೆ ಬೇರೆಯಾದರು, 2017ರಲ್ಲಿ ಮತ್ತೆ ಕೂಡಿದರು. 2018ರಲ್ಲೂ 2023ರಲ್ಲೂ ಆಲ್ಬಮ್‌ಗಳು ಬಂದಿವೆ. ಆದರೂ ಮರಳಿ ಬಂದ ಮೇಲಿನ ಕೆಲಸದಲ್ಲಿ ‘ವೊಂಕಿ’ಯೇ ಮೇಲು ಎಂದು ನನ್ನ ತೀರ್ಮಾನ. ಇವರನ್ನು ಇದುವರೆಗೆ ಕೇಳಿರದಿದ್ದರೆ ಮೊದಲು ‘ಚೈಮ್’ ಕೇಳಿ, ಆಮೇಲೆ ನೇರ ಇಲ್ಲಿಗೆ ಬನ್ನಿ. ಒಂಬತ್ತನ್ನೂ ಕ್ರಮ ತಪ್ಪಿಸದೆ, ಒಂದೇ ಕೂರಿಕೆಯಲ್ಲಿ ಕೇಳಿ.