ಊದುವವನ ಉಸಿರು

ರೊಮೇನಿಯಾದ ಈಶಾನ್ಯದಲ್ಲಿ ಜೆಚೆ ಪ್ರಜಿನಿ ಎಂಬ ಪುಟ್ಟ ಹಳ್ಳಿಯಿದೆ. ರೋಮಾ ಜನರ ಊರು. ಇಯೋನ್ ಇವಾನ್ಚಾ ಅಲ್ಲಿಯ ರೈತರು. ಹೊಲದ ಕೆಲಸದ ನಡುವೆ ಕರೆ ಬಂದರೆ ಕ್ಲಾರಿನೆಟ್ ಹಿಡಿದು ಮದುವೆಮನೆಗೆ ಹೊರಡುತ್ತಿದ್ದರು. 1996ರಲ್ಲಿ ಆ ಊರಿಗೆ ಬಂದ ಜರ್ಮನಿಯ ಹೆನ್ರಿ ಅರ್ನ್ಸ್ಟ್ ಅಲ್ಲಿನ ವಾದಕರನ್ನು ಕೂಡಿಸಿ ‘ಫನ್‌ಫಾರೆ ಚೊಕರ್ಲಿಯಾ’ ತಂಡ ಕಟ್ಟಿದರು. ಇವಾನ್ಚಾ ಅದರ ಹಿರಿಯರಾದರು.

ಆ ತಂಡದ ತುತ್ತೂರಿಗಳ ಓಟ ಜಗತ್ತಿಗೆಲ್ಲ ಗೊತ್ತು. ನನ್ನ ಮನಸ್ಸು ನಿಲ್ಲುವುದು ಅದರ ಹಿಂದಿನ ಮದುವೆಗಳಲ್ಲಿ. ಅಲ್ಲಿ ಹೆಣ್ಣು ತವರು ಬಿಡುವ ಗಳಿಗೆಗೆಂದೇ ಒಂದು ಹಾಡಿದೆ. ಅದು ಶುರುವಾದರೆ ಮನೆಮಂದಿ ಅಳುತ್ತಾರೆ. ಸ್ವಲ್ಪ ಹೊತ್ತಿಗೆ ಅದೇ ವಾದಕರು ಲಯ ಬದಲಿಸುತ್ತಾರೆ, ಅತ್ತವರೇ ಕೈ ಕೈ ಹಿಡಿದು ಕುಣಿಯುತ್ತಾರೆ. ಊದುವವನಿಗೆ ಮಾತ್ರ ಅಳುವುದಕ್ಕೂ ಬಿಡುವಿಲ್ಲ, ಕುಣಿಯುವುದಕ್ಕೂ ಇಲ್ಲ. ಇಬ್ಬರ ಪಾಲಿನದನ್ನೂ ಅವನ ಉಸಿರೇ ಹೊರಬೇಕು.

ಆ ನಾಡಿನ ರೋಮಾಗಳು 1850ರ ದಶಕದವರೆಗೆ ಮಠಗಳ, ಜಮೀನ್ದಾರರ ಗುಲಾಮರಾಗಿದ್ದರು. ಒಡೆಯರ ಮದುವೆಗೂ ಅವರದೇ ವಾದ್ಯ. ಬೇಕಾದದ್ದು ಅವರ ಸಂಗೀತ; ಪಂಕ್ತಿಯಲ್ಲಿ ಅವರಿಗೆ ಎಲೆಯಿರಲಿಲ್ಲ.

ಇವಾನ್ಚಾ 2006ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ದೂರದೂರದ ಸಭಾಂಗಣಗಳಲ್ಲಿ ಜನ ದುಡ್ಡು ಕೊಟ್ಟು, ಎದ್ದು ನಿಂತು ಅವರನ್ನು ಕೇಳಿದ್ದರು. ಅಲ್ಲಿ ಮದುಮಗಳಿರಲಿಲ್ಲ, ಬೀಗರಿರಲಿಲ್ಲ. ಕೇಳಲೆಂದೇ ಬಂದವರ ಎದುರು ಊದುವವನೇ ಅತಿಥಿ.