ಬಾದಾಮಿಗೆ ಕಡಲೆಬೀಜದ ಚೀಟಿ

ನಮ್ಮ ಭಾವ ಇಂದಿರಾನಗರದ ಒಂದು ಸೂಪರ್ ಮಾರ್ಕೆಟ್ಟಿನಿಂದ ಅರ್ಧ ಕೆಜಿ ಬಾದಾಮಿಯನ್ನು ಕಡಲೆಬೀಜದ ಬೆಲೆಗೆ ತಂದರು. ಅಂದಿನಿಂದ ಮನೆಗೆ ಯಾರೇ ಬರಲಿ, ಮೊದಲು ತಟ್ಟೆಯಲ್ಲಿ ಬಾದಾಮಿ, ಆಮೇಲೆ ಅದರ ಕತೆ. ತೂಕದ ಹುಡುಗಿ ಯಂತ್ರದಲ್ಲಿ ಬೇರೆ ನಂಬರ್ ಒತ್ತಿಬಿಟ್ಟಿದ್ದಾಳೆ. ಚೀಟಿಯಲ್ಲಿ ಕಡಲೆಬೀಜ ಅಂತಲೇ ಅಚ್ಚಾಗಿ ಬಂದಿದೆ. ಬಿಲ್ ಹಾಕುವ ಹುಡುಗ ಪೊಟ್ಟಣದೊಳಗೆ ಏನಿದೆ ಅಂತ ನೋಡದೆ ಚೀಟಿಯನ್ನಷ್ಟೇ ಸ್ಕ್ಯಾನ್ ಮಾಡಿ ಮುಂದಕ್ಕೆ ತಳ್ಳಿದ್ದಾನೆ. ಭಾವ ಮಾತ್ರ ಚೀಟಿಯನ್ನು ತಕ್ಕಡಿಯ ಹತ್ತಿರವೇ ಓದಿದ್ದರು. ಕತೆಯಲ್ಲಿ ಅವರಿಗೆ ತುಂಬ ಇಷ್ಟವಾದ ಜಾಗ ಅದೇ: "ನಾನು ತುಟಿ ಪಿಟಕ್ ಅನ್ನಲಿಲ್ಲ!"

ಭಾವ ಒಳ್ಳೆಯವರು. ದಾರಿಯಲ್ಲಿ ಪರ್ಸ್ ಸಿಕ್ಕರೆ ಹಲಸೂರು ಠಾಣೆಗೆ ಹೋಗಿ ಕೊಟ್ಟು ಬರುವ ಪೈಕಿ. ಬೇರೆ ಯಾರಾದರೂ ಆಗಿದ್ದರೆ ನಾನು ಆ ಕತೆಯನ್ನು ಮರೆತುಬಿಡುತ್ತಿದ್ದೆ. ಪರ್ಸ್ ವಾಪಸ್ ಕೊಡುವ ಕೈಗೆ ಬಾದಾಮಿ ಹೇಗೆ ಒಗ್ಗಿತು ಎಂಬುದೇ ತಲೆ ಕೊರೆಯತೊಡಗಿತು. ಕೇಳಿದರೆ ಉತ್ತರ ಸಿದ್ಧವಾಗಿತ್ತು: "ಆ ಅಂಗಡಿಯವರು ನಮಗೆ ಎಷ್ಟು ಸಲ ಟೋಪಿ ಹಾಕಿಲ್ಲ ಹೇಳು? ಒಂದು ಸಲ ನಾವು ಹಾಕಿದರೆ ಏನಂತೆ?"

ಕಾನೂನು ನೋಡಿದರೆ ಅರ್ಧ ಭಾವನ ಕಡೆಗೇ ಇದೆ. 1872ರ ಕರಾರು ಕಾಯ್ದೆಯ ಸೆಕ್ಷನ್ 22ರ ಪ್ರಕಾರ, ಒಬ್ಬರು ಮಾತ್ರ ತಪ್ಪು ತಿಳಿದಿದ್ದರು ಎಂಬ ಒಂದೇ ಕಾರಣಕ್ಕೆ ವ್ಯವಹಾರ ಮುರಿದು ಬೀಳುವುದಿಲ್ಲ. ಸೆಕ್ಷನ್ 17ರಲ್ಲಿ, ಬರೀ ಬಾಯಿ ಮುಚ್ಚಿಕೊಂಡಿರುವುದು ಮೋಸವಲ್ಲ ಅಂತಿದೆ. ಅದಕ್ಕೊಂದು ಉದಾಹರಣೆಯೂ ಉಂಟು. ಒಬ್ಬ ತನ್ನ ಕುದುರೆಯನ್ನು ಹರಾಜಿಗಿಡುತ್ತಾನೆ. ಕುದುರೆಗೆ ಊನವಿದೆ ಅಂತ ಅವನಿಗೆ ಗೊತ್ತು, ಹೇಳುವುದಿಲ್ಲ. ಅದು ಮೋಸವಲ್ಲ. ಆದರೆ ಅದರ ಕೆಳಗೇ ಇನ್ನೊಂದು ಉದಾಹರಣೆ: ಕೊಳ್ಳುತ್ತಿರುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ, ಅವನು ಹೇಳಲೇಬೇಕು. ನೂರೈವತ್ತು ವರ್ಷ ಹಿಂದೆ ಇದನ್ನು ಬರೆದವರ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಎರಡನೆಯ ಸಾಲಿನಿಂದ. ಕುದುರೆ ಅದೇ, ಊನವೂ ಅದೇ. ಎದುರಿಗೆ ನಿಂತವರು ಯಾರು ಎಂಬುದರ ಮೇಲೆ ಮೌನದ ತೂಕ ಬದಲಾಗುತ್ತದೆ.

ಹಾಗಾದರೆ ತೂಕದ ಹುಡುಗಿ ಯಾರ ಹಾಗೆ? ಹರಾಜಿಗೆ ಬಂದ ಗಿರಾಕಿಯ ಹಾಗೋ, ಮಗಳ ಹಾಗೋ?

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. 1927ರ ಆ ಕಟ್ಟಡದೊಳಗೆ ಕನ್ನಡ, ಉರ್ದು, ತಮಿಳು ಮೂರರಲ್ಲೂ ಕೂಗಿ ಕರೆಯುವ ವ್ಯಾಪಾರಿ, ಖರ್ಜೂರಕ್ಕೆ ತನಗೆ ತೋಚಿದ ಬೆಲೆ ಹೇಳುತ್ತಾನೆ. ನಾವು ಅರ್ಧಕ್ಕೆ ಕೇಳುತ್ತೇವೆ. ಅವನು ನೊಂದವನ ಮುಖ ಮಾಡುತ್ತಾನೆ, ನಾವು ಎದ್ದು ಹೊರಟವರಂತೆ ಎರಡು ಹೆಜ್ಜೆ ಹಾಕುತ್ತೇವೆ, ಅವನು ಮತ್ತೆ ಕರೆಯುತ್ತಾನೆ. ಇಬ್ಬರೂ ಎಚ್ಚರವಾಗಿರುವ ವ್ಯಾಪಾರ ಅದು. ಅಲ್ಲಿ ಅಗ್ಗಕ್ಕೆ ಸಿಕ್ಕದ್ದನ್ನು ನಾನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಅವನು ತನ್ನ ಸರಕಿಗೆ ತಾನೇ ಒಡೆಯ; ಬೆಲೆ ಗಿಟ್ಟದಿದ್ದರೆ ಕೊಡುವುದಿಲ್ಲ. ತೂಕದ ಹುಡುಗಿಗೆ ಆ ಬಾದಾಮಿಯಲ್ಲಿ ಒಂದು ಕಾಳೂ ತನ್ನದಲ್ಲ. ತಿಂಗಳ ಕೊನೆಗೆ ಸ್ಟಾಕ್ ಎಣಿಸಿದಾಗ ಬಾದಾಮಿ ಕಮ್ಮಿ, ಕಡಲೆಬೀಜ ಜಾಸ್ತಿ. ತಕ್ಕಡಿಯಲ್ಲಿ ಯಾರಿದ್ದರು ಎಂಬ ಪ್ರಶ್ನೆ ಆಗ ಬರುತ್ತದೆ. ನೌಕರರ ಅಲಕ್ಷ್ಯದಿಂದ ನೇರವಾಗಿ ಆದ ನಷ್ಟವನ್ನು ಸಂಬಳದಲ್ಲಿ ಹಿಡಿಯಲು 1936ರ ವೇತನ ಪಾವತಿ ಕಾಯ್ದೆಯೇ ಅವಕಾಶ ಕೊಟ್ಟಿತ್ತು. ಮೊದಲು ಅವರ ಮಾತು ಕೇಳಬೇಕು ಎಂಬ ಷರತ್ತೂ ಇತ್ತು. ಆ ಷರತ್ತನ್ನು ಓದಿದ ಮ್ಯಾನೇಜರುಗಳು ಎಷ್ಟಿರಬಹುದು?

ಬಾದಾಮಿಯ ಕತೆ ಕೇಳಿ ಅಕ್ಕನಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಗಂಡ ಮಾರಯ್ಯ ಒಂದು ದಿನ ಬಸವಣ್ಣನ ಅಂಗಳದಿಂದ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂದವಳು. ಲಕ್ಕಮ್ಮನ ಎತ್ತರಕ್ಕೆ ನಾನು ಹೋಗಲಾರೆ. ಆ ಅಕ್ಕಿಯಿಂದ ಮಹಾಮನೆಗೆ ನಷ್ಟವೇನೂ ಇರಲಿಲ್ಲ, ಆದರೂ ಬೇಡವೆಂದಳು. ನನ್ನ ತಕರಾರು ಅದಕ್ಕಿಂತ ಚಿಕ್ಕದು: ಇಲ್ಲಿ ನಷ್ಟ ಒಬ್ಬರ ಮೇಲೆ ಬೀಳುತ್ತದೆ, ಅವರ ಮುಖವನ್ನು ನಾವು ನೋಡಿರುತ್ತೇವೆ.

ಇದನ್ನು ನನಗೆ ಕಲಿಸಿದ್ದು ಅಂಗಡಿಯಲ್ಲ, ಬಿಎಂಟಿಸಿ ಬಸ್ಸು. ಬೆಂಗಳೂರಿನ ಕಂಡಕ್ಟರ್ ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವಾಗ ಆ ಚೀಟಿ ಹಿಡಿದು, ಎರಡು ರೂಪಾಯಿಗೆ ಇಡೀ ಬಸ್ಸಿಗೆ ಕೇಳುವ ಹಾಗೆ ಜಗಳವಾಡಿದವರನ್ನು ಯಾರು ನೋಡಿಲ್ಲ? 2025ರ ಜನವರಿಯಲ್ಲಿ ದರ ಏರಿ, ಐದು ರೂಪಾಯಿಯ ಟಿಕೆಟ್ ಆರಾಯಿತು, ಹತ್ತರದ್ದು ಹನ್ನೆರಡಾಯಿತು. ಯುಪಿಐ ಬಂದರೂ ಚಿಲ್ಲರೆಯ ತಾಪತ್ರಯ ಪೂರಾ ಹೋಗಿಲ್ಲ. ಆ ನೂಕುನುಗ್ಗಲಿನಲ್ಲಿ, ಒಂದು ಕೈ ಕಂಬಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಮಷಿನ್ ಒತ್ತುತ್ತ, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟುಕೊಂಡು ಚಿಲ್ಲರೆ ಎಣಿಸುವವರು ಒಮ್ಮೊಮ್ಮೆ ಹೆಚ್ಚಿಗೆ ಕೊಟ್ಟುಬಿಡುತ್ತಾರೆ. ಅದಕ್ಕೆ ಜಗಳವಾದದ್ದನ್ನು ನಾನು ನೋಡಿಲ್ಲ.

ಕಂಡಕ್ಟರ್ ಕೆಲಸದ ಲೆಕ್ಕ ಬಹಳ ಬಿಗಿ. ಡ್ಯೂಟಿ ಹತ್ತುವಾಗ ಜೇಬಿನಲ್ಲಿರುವ ಸ್ವಂತ ದುಡ್ಡು ಎಷ್ಟು ಅಂತ ವೇಬಿಲ್ಲಿನಲ್ಲಿ ಬರೆಯಬೇಕು. ಚೆಕಿಂಗಿನವರು ಹತ್ತಿ ಬ್ಯಾಗು ಎಣಿಸಿದಾಗ ದುಡ್ಡು ಹೆಚ್ಚಿದ್ದರೆ ಅನುಮಾನ ಕಂಡಕ್ಟರ್ ಮೇಲೆ. ಸಂಜೆ ಡಿಪೋದಲ್ಲಿ ಕಟ್ಟುವಾಗ ಕಮ್ಮಿ ಬಿದ್ದರೆ ಅವರ ಕೈಯಿಂದಲೇ ತುಂಬಬೇಕು. ಹೆಚ್ಚಾದರೂ ತಪ್ಪು, ಕಮ್ಮಿಯಾದರೂ ತಪ್ಪು. ತಪ್ಪಿಗೆ ಅಷ್ಟೂ ಜಾಗವಿಲ್ಲದ ಕೆಲಸವನ್ನು, ಅಲುಗಾಡುವ ಬಸ್ಸಿನಲ್ಲಿ ನಿಂತೇ ಮಾಡುವವರು ಅವರು. ಸರ್ಕಾರದ ದುಡ್ಡು ತಾನೇ, ಹೋದರೆ ಹೋಗಲಿ ಅಂತ ಹೆಚ್ಚುವರಿ ನೋಟನ್ನು ಜೇಬಿಗಿಳಿಸುವವರು, ಆ ದುಡ್ಡು ಸರ್ಕಾರದ್ದಲ್ಲ ಅಂತ ತಿಳಿದರೆ ಖಂಡಿತ ವಾಪಸ್ ಕೊಡುತ್ತಾರೆ. ನಮ್ಮ ಜನರ ಮೇಲೆ ನನಗೆ ಅಷ್ಟು ನಂಬಿಕೆ ಇದೆ.

ಶಿವಾಜಿನಗರದಿಂದ ಕೆ.ಆರ್.ಪುರದ ಕಡೆ ಹೊರಟ ಒಂದು ಸಂಜೆಯ ಬಸ್ಸಿನಲ್ಲಿ, ಪೇಂಟಿಂಗ್ ಕೆಲಸ ಮುಗಿಸಿ ಬಂದ ಹುಡುಗನೊಬ್ಬ ಹಿಂದಿನಿಂದ ಜನರನ್ನು ಸರಿಸಿಕೊಂಡು ಬಂದ. ಉಗುರಿನ ಸುತ್ತ ಬಿಳಿ ಬಣ್ಣ ಒಣಗಿತ್ತು. "ಅಣ್ಣಾ, ನಾನು ಕೊಟ್ಟಿದ್ದು ನೂರು. ನೀವು ಇನ್ನೂರಕ್ಕೆ ಚಿಲ್ಲರೆ ಕೊಟ್ಟಿದ್ದೀರ." ಕಂಡಕ್ಟರ್ ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. ನೋಟನ್ನು ತೆಗೆದುಕೊಂಡು ಬೆರಳ ಸಂದಿಗೆ ಸೇರಿಸಿ, "ಊಟ ಆಯ್ತೇನಪ್ಪಾ?" ಅಂದರು. ನೂರು ರೂಪಾಯಿ ಅವರಿಗೆ ಆ ದಿನ ಎಷ್ಟು ದೊಡ್ಡದು ಎಂಬುದು ಆ ಪ್ರಶ್ನೆಯಲ್ಲೇ ಇತ್ತು.

ಅಂಗಡಿಯಲ್ಲಾದರೆ ಇನ್ನೂ ಸುಲಭ, ಏಕೆಂದರೆ ಅಂಗಡಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಬಿಲ್ ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಬಾರದು. ಮ್ಯಾನೇಜರ್ ಅಲ್ಲೇ ಇರುತ್ತಾರೆ. ಪೊಟ್ಟಣವನ್ನು ತಕ್ಕಡಿಯ ಹತ್ತಿರಕ್ಕೇ ಒಯ್ದು, "ನೋಡಮ್ಮಾ, ನಂಬರ್ ಬೇರೆ ಬಿದ್ದಿದೆ" ಅಂದರೆ ಸಾಕು. ಅವಳು ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಲು ಅರ್ಧ ನಿಮಿಷವೂ ಬೇಡ.