ಮೆಹ್ತಾ ಪುಸ್ತಕದ ಜೆರಾಕ್ಸ್

ತೊಂಬತ್ತರ ದಶಕದ ಆರಂಭದಲ್ಲಿ ರ್ಯಾಂಡಮ್ ಮ್ಯಾಟ್ರಿಕ್ಸ್ ಓದಹೊರಟ ನಮಗೆ ಮದನ್ ಲಾಲ್ ಮೆಹ್ತಾ ಅವರ ಪುಸ್ತಕವೇ ಗತಿ. 1967ರ ಆ ಪುಸ್ತಕದ ಎರಡನೇ ಆವೃತ್ತಿ 1991ರಲ್ಲಿ ಬಂದಿತ್ತು. ನಮ್ಮ ಕೈಸೇರಿದ್ದು ಅದರ ಜೆರಾಕ್ಸ್. ಅಂಚಿನಲ್ಲಿ ಸೂತ್ರಗಳ ಬಾಲ ಕತ್ತರಿಸಿಹೋಗಿತ್ತು. ಆ ಕಾಲವೇ ಚೆಂದವಿತ್ತು ಎನ್ನುವವರ ಸಾಲಿನಲ್ಲಿ ನಾನಿಲ್ಲ.

ವಿಷಯ ಇಷ್ಟು. 1000 ಸಾಲು, 1000 ಕಂಬದ ಚೌಕ ಬರೆದು, ಮನೆಮನೆಗೂ ನಾಣ್ಯ ಚಿಮ್ಮಿ +1 ಅಥವಾ −1 ತುಂಬಿ. ಕರ್ಣದ ಎರಡು ಬದಿಯೂ ಒಂದಕ್ಕೊಂದು ಹೊಂದಲಿ. ಅದರ ಐಗನ್‌ವ್ಯಾಲ್ಯೂಗಳು ಹೆಚ್ಚುಕಡಿಮೆ −63ರಿಂದ 63ರ ನಡುವೆ ಬೀಳುತ್ತವೆ, ಅವುಗಳ ಹರಹು ಅರ್ಧವೃತ್ತದಂತಿರುತ್ತದೆ. 1955ರಲ್ಲಿ ವಿಗ್ನರ್ ಇದನ್ನು ತೋರಿಸಿದ್ದು ಬರೀ ಎಣಿಕೆಯಿಂದ: ಹೊರಟಲ್ಲಿಗೇ ಮರಳುವ ದಾರಿಗಳನ್ನು ಎಣಿಸುತ್ತ ಹೋದರೆ 1, 2, 5, 14 ಎಂಬ ಕ್ಯಾಟಲಾನ್ ಸಂಖ್ಯೆಗಳು ಸಿಗುತ್ತವೆ. ಅಂದೂ ಪಾಠ ಇಲ್ಲಿಂದಲೇ ಶುರು, ಇಂದೂ ಅಷ್ಟೇ.

ತೊಡಕಿದ್ದದ್ದು ಮುಂದಿನ ಪ್ರಶ್ನೆಯಲ್ಲಿ. ಅಕ್ಕಪಕ್ಕದ ಎರಡು ಐಗನ್‌ವ್ಯಾಲ್ಯೂಗಳ ನಡುವಿನ ಅಂತರ ಹೇಗೆ ಹಂಚಿಕೊಂಡಿರುತ್ತದೆ? ಯುರೇನಿಯಂನಂಥ ಭಾರದ ನ್ಯೂಕ್ಲಿಯಸ್ಸುಗಳ ಶಕ್ತಿಮಟ್ಟಗಳಿಗಾಗಿ ಭೌತವಿಜ್ಞಾನಿಗಳಿಗೆ ಬೇಕಾಗಿದ್ದದ್ದು ಇದೇ. ಮನೆಗಳಲ್ಲಿ ಗಾಸಿಯನ್ ಸಂಖ್ಯೆಗಳಿದ್ದರೆ ಮೆಹ್ತಾ ಸೂತ್ರಗಳಿಂದ ಉತ್ತರ ಸಿಗುತ್ತಿತ್ತು. ನಾಣ್ಯದ ಮ್ಯಾಟ್ರಿಕ್ಸಿಗೂ ಅದೇ ಉತ್ತರ ಎಂದು ಎಲ್ಲರೂ ನಂಬಿದ್ದರು. ಸಾಧನೆ ಮಾತ್ರ ಇರಲಿಲ್ಲ. ಹಾಗಾಗಿ ನಮ್ಮ ನೋಟ್ಸಿನಲ್ಲಿ ಪ್ರತಿ ಪ್ರಮೇಯದ ತಲೆಯ ಮೇಲೂ ‘ಗಾಸಿಯನ್ ಎಂದಿಟ್ಟುಕೊಳ್ಳಿ’ ಎಂಬ ಷರತ್ತು.

1962ರಲ್ಲಿ ಡೈಸನ್ ಮನೆಯ ಸಂಖ್ಯೆಗಳನ್ನೆಲ್ಲ ಬ್ರೌನಿಯನ್ ಚಲನೆಗೆ ಬಿಟ್ಟು, ಐಗನ್‌ವ್ಯಾಲ್ಯೂಗಳು ಒಂದನ್ನೊಂದು ದೂಡುತ್ತ ಅಲೆಯುವುದನ್ನು ಲೆಕ್ಕಕ್ಕೆ ತಂದಿದ್ದರು. ನಾವು ಆ ಭಾಗವನ್ನು ದಾಟಿ ಮುಂದೆ ಹೋದೆವು, ಪರೀಕ್ಷೆಗೆ ಇರಲಿಲ್ಲ. 2009ರ ಹೊತ್ತಿಗೆ ಎರ್ಡೋಶ್, ಶ್ಲೈನ್, ಯಾವ್ ಹಿಡಿದದ್ದು ಅದನ್ನೇ. (ಈ ಎರ್ಡೋಶ್ ಲಾಸ್ಲೊ, ಊರೂರು ಅಲೆದ ಪಾಲ್ ಅಲ್ಲ.) ಅದೇ ಸಮಯಕ್ಕೆ ಟಾವೊ ಮತ್ತು ವು 1922ರ ಲಿಂಡೆಬರ್ಗ್ ಉಪಾಯವನ್ನು ಎತ್ತಿಕೊಂಡರು: ಗಾಸಿಯನ್ ಸಂಖ್ಯೆಗಳನ್ನು ಒಂದೊಂದಾಗಿ ತೆಗೆದು ಬೇರೆಯದನ್ನು ಕೂರಿಸುತ್ತ ಹೋಗಿ, ಉತ್ತರ ಅಲುಗುತ್ತದೆಯೇ ನೋಡಿ. ಮೊದಲ ನಾಲ್ಕು ಮೊಮೆಂಟುಗಳು ಹೊಂದಿದರೆ ಅಲುಗುವುದಿಲ್ಲ. ಈ ಎರಡು ದಾರಿ ಕೂಡಿದ ಮೇಲೆ ಕೆಲವೇ ವರ್ಷಗಳಲ್ಲಿ ನಾಣ್ಯದ ಮ್ಯಾಟ್ರಿಕ್ಸೂ ಬಗೆಹರಿಯಿತು.

ಈಗಿನ ವಿದ್ಯಾರ್ಥಿ ಮೊದಲು ಲ್ಯಾಪ್‌ಟಾಪಿನಲ್ಲಿ ಅರ್ಧವೃತ್ತ ನೋಡುತ್ತಾನೆ, ಪ್ರಮೇಯ ಆಮೇಲೆ. ಬಾಲವಿಲ್ಲದ ಸೂತ್ರಕ್ಕಿಂತ ಇದು ಮೇಲು. ‘ಕಣ್ಣಿಗೇ ಕಾಣುತ್ತಲ್ಲ ಸಾರ್, ಸಾಧಿಸೋದೇನಿದೆ?’ ಎಂದು ಕೇಳುವವರೂ ಇದ್ದಾರೆ. ವರ್ಷಗಟ್ಟಲೆ ನಂಬಿಕೆಯಲ್ಲೇ ಕಾಲ ತಳ್ಳಿದವರಿಗೆ ಆ ಪ್ರಶ್ನೆ ಹಿಡಿಸುವುದಿಲ್ಲ.

ಕರ್ಣದ ಹೊಂದಾಣಿಕೆ ಬಿಟ್ಟುಕೊಟ್ಟರೆ ಐಗನ್‌ವ್ಯಾಲ್ಯೂಗಳು ತುಂಬಿದ ವೃತ್ತವಾಗಿ ಹರಡುತ್ತವೆ. ಅದನ್ನು ಪೂರ್ತಿಯಾಗಿ ಸಾಧಿಸಿದ ಟಾವೊ–ವು ಲೇಖನ 2010ರಲ್ಲಿ ಅಚ್ಚಾಯಿತು. ಅದರ ಅನುಬಂಧ ಬರೆದವರು ಈಗ ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮಂಜುನಾಥ ಕೃಷ್ಣಾಪುರ. ರ್ಯಾಂಡಮ್ ಮ್ಯಾಟ್ರಿಕ್ಸ್ ಬಗ್ಗೆ ಅವರ ಪಾಠದ ಟಿಪ್ಪಣಿಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಓದುವವರು ಅಲ್ಲಿಂದ ಶುರುಮಾಡಿ.